ಕಾಲು ಸುತ್ತಿನ ಶಾಂತಿ

ಜಗಳವಾಡದೆ ಬದುಕಬೇಕು ಎಂಬ ಆಸೆ ನಮ್ಮ ವಿಜಯಪುರದಲ್ಲಿ ಸಾಮಾನ್ಯವಾಗಿ ಯಾರಿಗೂ ಹುಟ್ಟುವುದಿಲ್ಲ. ನನಗೆ ಹುಟ್ಟಿತ್ತು. ಅದಕ್ಕೆ ನಾನು ಕಲಿತ ಕಾನ್ವೆಂಟೇ ಕಾರಣ. ಅಲ್ಲಿಯ ಸಿಸ್ಟರುಗಳು ಕಲಿಸಿದ್ದರಲ್ಲಿ ಆಲ್ಜೀಬ್ರಾ ಲಗ್ನದ ಗದ್ದಲದಲ್ಲಿ ಕಳೆದುಹೋಯಿತು, ಕಸೂತಿ ಕಣ್ಣಿನ ಜೊತೆ ಹೋಯಿತು, ಪಿಯಾನೋ ಅಂತೂ ದೂರದಿಂದ ನೋಡಿದ್ದಷ್ಟೇ. ಕಡೆಗೆ ಉಳಿದದ್ದು ಒಂದು ವಾಕ್ಯ: ಲೇಡಿಯಾದವಳು ದನಿ ಏರಿಸುವುದಿಲ್ಲ. ಈ ಒಂದು ವಾಕ್ಯದ ಗಂಟನ್ನು ಕಟ್ಟಿಕೊಂಡು ನಾನು ಸೊಸೆಯಾಗಿ ಬಂದದ್ದು ಎಂಥ ಓಣಿಗೆ ಅಂದರೆ, ಇಲ್ಲಿ ಯಾರಾದರೂ ದನಿ ಇಳಿಸಿ ಮಾತಾಡಿದರೆ ಆ ಮನೆಯಲ್ಲಿ ಯಾರಿಗೋ ಸೀರಿಯಸ್ ಆಗಿದೆ ಎಂದು ತಿಳಿದು ಜನ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ನೋಡಲು ಬರುತ್ತಾರೆ.

ನಮ್ಮ ಮನೆ ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗಿದ ಓಣಿಯಲ್ಲಿದೆ. ಕೆಳಗೆ ನಾನು ಮತ್ತು ನಮ್ಮವರು. ನಮ್ಮವರು ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ಆದರೆ ಆಫೀಸು ಇನ್ನೂ ಅವರಿಂದ ರಿಟೈರ್ ಆಗಿಲ್ಲ. ಪ್ರತಿಯೊಂದಕ್ಕೂ ಒಂದು ಸಿಸ್ಟಮ್ ಇರಬೇಕು ಎನ್ನುತ್ತಾರೆ. ಸಿಸ್ಟಮ್ ಮಾಡುವ ಕೆಲಸ ಅವರದು, ಅದರ ಪ್ರಕಾರ ನಡೆಯುವ ಕೆಲಸ ನನ್ನದು. ಮೇಲಿನ ಮನೆಯಲ್ಲಿ ನನ್ನ ಮೈದುನ ಮತ್ತು ಅವನ ಹೆಂಡತಿ ಕಸ್ತೂರಿ. ಮೈದುನ ಬೆಳಗಾದರೆ ಬಬಲೇಶ್ವರದ ಹತ್ತಿರದ ದ್ರಾಕ್ಷಿ ತೋಟಕ್ಕೆ ಹೋಗಿ ಸಂಜೆ ಬರುತ್ತಾನೆ. ಕಸ್ತೂರಿಯ ತವರೂ ಬಬಲೇಶ್ವರವೇ. ತೋಟದ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿದ್ದವರನ್ನು ಊಟಕ್ಕೆ ಕರೆದು ಬೆಳೆದ ಗಂಟಲು ಅವಳದು. ಅವಳು ಮಹಡಿಯ ಮೇಲೆ ನಿಂತು ನನ್ನನ್ನು 'ಯಕ್ಕಾ' ಎಂದರೆ ಪಕ್ಕದ ಓಣಿಯ ಅಕ್ಕಂದಿರೂ ಬಾಗಿಲಿಗೆ ಬರುತ್ತಾರೆ.

ಇನ್ನು ನೀರಿನ ವಿಷಯ. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ದೊಡ್ಡವರ ಮನೆಯ ಬೀಗರ ಹಾಗೆ ನಾಲ್ಕಾರು ದಿನ ಕಾಯಿಸಿ, ನಾವು ಸೀರೆ ಉಟ್ಟು ಎಲ್ಲಿಗೋ ಹೊರಟಾಗ ಬರುತ್ತದೆ. ಬಂದರೂ ಬಹಳ ಹೊತ್ತು ಕೂರುವುದಿಲ್ಲ. ನಮ್ಮಿಬ್ಬರ ಮನೆಗೆ ಅಂಗಳದಲ್ಲಿ ಒಂದೇ ನಳ, ಒಂದೇ ರಬ್ಬರ್ ಪೈಪು. ನೆಲದೊಳಗೆ ಮಾತ್ರ ಎರಡು ಟಾಕಿ, ಒಂದು ನನ್ನದು, ಒಂದು ಕಸ್ತೂರಿಯದು. ಹಿರಿಯಳೆಂದು ಮೊದಲು ನನ್ನ ಟಾಕಿಗೆ ಪೈಪು ಬಿಡುವುದು, ಅದು ತುಂಬಿದ ಮೇಲೆ ಎತ್ತಿ ಅವಳ ಟಾಕಿಗೆ ಬಿಡುವುದು ಎಂದು ನಮ್ಮ ಅತ್ತೆಯವರ ಕಾಲದಲ್ಲೇ ತೀರ್ಮಾನವಾಗಿತ್ತು. ಟಾಕಿ ತುಂಬುವ ತನಕ ನಾವಿಬ್ಬರೂ ನಳದ ಪಕ್ಕದ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದೆವು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಕಸ್ತೂರಿ ಶೇಂಗಾ ಸುಲಿಯುತ್ತ ಓಣಿಯ ಒಂದೊಂದೇ ಮನೆಯನ್ನೂ ಸುಲಿಯುತ್ತಿದ್ದಳು. ಯಾರ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ, ಯಾರ ಮಗಳಿಗೆ ಎಲ್ಲಿಯ ವರ ಬಂದಿದ್ದಾನೆ, ಪಕ್ಕದ ಹಳ್ಳಿ ಇಟ್ಟಂಗಿಹಾಳದ ಯಾವ ಸೊಸೆ ಸಿಟ್ಟಿಗೆದ್ದು ತವರಿಗೆ ಹೋಗಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ನಾನು 'ಛೆ ಛೆ, ಇನ್ನೊಬ್ಬರ ವಿಷಯ ನಮಗ್ಯಾಕ' ಎನ್ನುತ್ತ, ಒಂದಕ್ಷರ ತಪ್ಪದ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಇಲ್ಲಿ ನಮ್ಮ ಊರಿನ ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ಹೊಸ ನೀರು ಬಂತೆಂದರೆ ಅಷ್ಟು ದಿನ ತೊಟ್ಟು ತೊಟ್ಟು ಎಣಿಸಿ ಉಳಿಸಿದ್ದ ನೀರು ಒಮ್ಮೆಲೇ ತಂಗಳಾಗಿಬಿಡುತ್ತದೆ. ಕೊಡ, ಹಂಡೆ, ಬಕೆಟ್ಟು ಎಲ್ಲ ರಸ್ತೆಗೆ ಖಾಲಿಯಾಗುತ್ತವೆ. ಮಳೆ ಕಾಣದ ಓಣಿಯಲ್ಲಿ ನೀರಿನ ದಿನ ಮಾತ್ರ ಕೆಸರು. ಆ ಕೆಸರಿನಲ್ಲೇ ಸೀರೆ ಎತ್ತಿಕಟ್ಟಿ ನಿಂತು ಹೆಂಗಸರು, 'ಈ ಊರಾಗ ನೀರಿಂದ ಭಾಳ ತ್ರಾಸ ನೋಡ್ರಿ' ಎಂದು ಮುನಿಸಿಪಾಲಿಟಿಗೆ ಶಾಪ ಹಾಕುತ್ತಾರೆ. ನಾನೂ ಚೆಲ್ಲುತ್ತೇನೆ. ಆದರೆ ಗಿಡಕ್ಕೆ ಹಾಕುತ್ತಿರುವ ಹಾಗೆ ಮುಖ ಮಾಡಿಕೊಂಡು ಚೆಲ್ಲುತ್ತೇನೆ. ಎಜುಕೇಶನ್ನಿನಿಂದ ಆಗುವ ವ್ಯತ್ಯಾಸ ಇಷ್ಟೇ. ನಾವು ಸಣ್ಣವರಿದ್ದಾಗ ಸಿಸ್ಟರುಗಳು ಭೂತನಾಳದ ಕೆರೆಗೆ ಪಿಕ್‌ನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ನಿಮ್ಮ ಮನೆಯ ನಳದಲ್ಲಿ ಬರುವುದು ಇದೇ ನೀರು ಎಂದು ಒಬ್ಬ ಸಿಸ್ಟರ್ ತೋರಿಸಿದಾಗ, ನನ್ನ ಪಕ್ಕದ ಹುಡುಗಿ ಕೆರೆಯ ಕಡೆ ಕೈ ಬೀಸಿ, 'ಸೀ ಯೂ ಅಟ್ ಹೋಮ್' ಎಂದಳು. ಈಗ ನಮ್ಮ ನೀರು ಎಲ್ಲಿಂದ ಬರುತ್ತದೋ, ದಾರಿಯಲ್ಲಿ ಯಾರಿಗೆಲ್ಲ ಕೈ ಬೀಸಿ ಬರುತ್ತದೋ, ನಳದ ಬಾಯಿಗೆ ಬರುವಷ್ಟರಲ್ಲಿ ಅದಕ್ಕೆ ಉಸಿರೇ ಇರುವುದಿಲ್ಲ.

ಇರಲಿ. ಕಸ್ತೂರಿಯ ಮೇಲೆ ನನಗಿದ್ದ ದೂರು ಒಂದೇ. ನನ್ನ ಟಾಕಿ ಪೂರ್ತಿ ತುಂಬುವ ಮುಂಚೆಯೇ ಪೈಪು ಎತ್ತಿಬಿಡುತ್ತಾಳೆ. ನಾನು ಕುಕ್ಕರಿನ ಸೀಟಿ ಕೇಳಿ ಒಳಗೆ ಹೋಗಿ ಬರುವುದರೊಳಗೆ ಪೈಪು ಆಚೆ ಹೋಗಿರುತ್ತದೆ. ಕೇಳಿದರೆ, 'ತುಂಬಿತ್ತು ಬೇ ಯಕ್ಕಾ, ನಾ ಬಗ್ಗಿ ನೋಡೀನಿ' ಎನ್ನುತ್ತಾಳೆ. ನಾನು ಬಗ್ಗಿ ನೋಡಲಾರೆ, ಮೊಣಕಾಲು ಬಿಡುವುದಿಲ್ಲ. ಹಾಗಾಗಿ ಅವಳ ಕಣ್ಣೇ ನನ್ನ ಮೀಟರು.

ಒಂದು ದಿನ ಹೀಗೇ ಆಯಿತು. ಅದರ ಮರುದಿನ ನಮ್ಮವರು ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಳ ತಿರುಗಿಸಿದರೆ ಬರೀ ಗಾಳಿಯ ಸದ್ದು. ಕೆಳಗಿನ ಟಾಕಿ ಖಾಲಿ. ಹಿಂದೆ ಯಾವನೋ ಗ್ರೀಕ್ ಪಂಡಿತ ಸ್ನಾನದಿಂದ ಎದ್ದು 'ಸಿಕ್ಕಿತು, ಸಿಕ್ಕಿತು' ಎಂದು ಬೀದಿಗೆ ಓಡಿದನಂತೆ. ನಮ್ಮವರು ಟವೆಲ್ ಸುತ್ತಿಕೊಂಡು ಅಂಗಳದ ತನಕ ಮಾತ್ರ ಓಡಿದರು. ಅವರಿಗೆ ಏನೂ ಸಿಕ್ಕಿರಲಿಲ್ಲ. ನಾನು ಮಹಡಿಯ ಮೆಟ್ಟಿಲ ಕೆಳಗೆ ನಿಂತು, ದನಿ ಏರಿಸದೆ, 'ಕಸ್ತೂರೀ, ದಿಸ್ ಈಸ್ ನಾಟ್ ಫೇರ್' ಎಂದೆ.

ಕಸ್ತೂರಿ ಮೇಲಿನಿಂದ ಬಗ್ಗಿ ನೋಡಿದಳು. ನೊರೆ ತುಂಬಿದ ಭಾವನನ್ನು ನೋಡಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. 'ಇಂಗ್ಲಿಷಿನ್ಯಾಗ ಬೈಬ್ಯಾಡ ಬೇ ಯಕ್ಕಾ, ಬೈಸಿಕೊಂಡಂಗ ಅನಸಂಗಿಲ್ಲ. ಕನ್ನಡದಾಗ ಬೈ. ಹೊಳ್ಳಿ ನಾನೂ ನಾಕ ಮಾತ ಬೈತೀನಿ. ಇಬ್ಬರದೂ ಹೊಟ್ಟಿ ತಣ್ಣಗಾಕ್ಕೈತಿ.'

'ಐ ಹ್ಯಾವ್ ನಥಿಂಗ್ ಟು ಸೇ' ಎಂದು ನಾನು ಒಳಗೆ ಬಂದೆ. ಆ ದಿನ ನನಗೆ ಬೇಕಾಗಿದ್ದು ಏನು ಎಂಬುದು ಸ್ಪಷ್ಟವಾಯಿತು: ಕಸ್ತೂರಿಯ ಜೊತೆ ಒಂದೂ ಮಾತಾಡದೆ ನನ್ನ ಟಾಕಿ ತುಂಬಬೇಕು. ಅಷ್ಟೇ. ತಲೆ ಒರೆಸಿಕೊಳ್ಳುತ್ತ ನಮ್ಮವರು ಘೋಷಿಸಿದರು: 'ಇದಕ್ಕ ಒಂದ ಉಪಾಯ. ಬಾಲ್ ವಾಲ್ವ್. ಸಿಸ್ಟಮ್ ಇದ್ದಲ್ಲಿ ಜಗಳ ಇರಂಗಿಲ್ಲ.'

ಬಾಲ್ ವಾಲ್ವ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನಗೆ ಎಷ್ಟು ಜನ ಹೇಳಿದ್ದಾರೆಂದರೆ ಈಗ ನಾನು ಡಿಪ್ಲೊಮಾ ಕ್ಲಾಸಿಗೆ ಪಾಠ ಮಾಡಬಲ್ಲೆ. ಪೈಪಿನ ನಡುವೆ ಕೂರಿಸುವ ಒಂದು ಡಬ್ಬಿ, ಅದರೊಳಗೆ ತೂತಿರುವ ಗುಂಡು, ಮೇಲೆ ಒಂದು ಹಿಡಿಕೆ. ಹಿಡಿಕೆ ಪೈಪಿನ ಗುಂಟ ಇದ್ದರೆ ನೀರು ಹೋಗುತ್ತದೆ, ಪೈಪಿಗೆ ಅಡ್ಡ ತಿರುಗಿಸಿದರೆ ನಿಲ್ಲುತ್ತದೆ. ಕಾಲು ಸುತ್ತು ಸಾಕು. ಹಳೆಯ ಚಕ್ರದ ವಾಲ್ವಿನ ಹಾಗೆ ತಿರುಗಿಸುತ್ತ ತಿರುಗಿಸುತ್ತ ನಮ್ಮ ಆಯುಷ್ಯ ಸವೆಯುವುದಿಲ್ಲ. ಇಷ್ಟನ್ನು ತಿಳಿಸಲು ನಮ್ಮವರ ಮಾರ್ನಿಂಗ್ ವಾಕಿನ ಮಂಡಳಿ ನಮ್ಮ ವರಾಂಡಕ್ಕೆ ದಿನಾ ಬಂದು ಕೂರತೊಡಗಿತು. ಎಲ್ಲರೂ ರಿಟೈರ್ಡ್, ಎಲ್ಲರಿಗೂ ಚಹಾದಲ್ಲಿ ಸಕ್ಕರೆ ನಿಷಿದ್ಧ, ಎಲ್ಲರಿಗೂ ಬಿಸ್ಕೀಟು ಬೇಕು. ಒಬ್ಬರು ಹಿತ್ತಾಳೆಯದೇ ಆಗಬೇಕೆಂದರು. ಇನ್ನೊಬ್ಬರು ಹಿತ್ತಾಳೆಯನ್ನು ಕಳ್ಳರು ಬಿಚ್ಚಿಕೊಂಡು ಹೋಗುತ್ತಾರೆ, ಪ್ಲಾಸ್ಟಿಕ್ಕೇ ವಾಸಿ ಎಂದರು. ಮೂರನೆಯವರು ಯುರೋಪಿನಲ್ಲಿ ಮಗಳ ಮನೆಯಲ್ಲಿ ಕಂಡ ವಾಲ್ವನ್ನು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಇವರಲ್ಲಿ ಒಬ್ಬರಾದರೂ ಈ ಜನ್ಮದಲ್ಲಿ ಒಂದು ಕೊಡ ನೀರು ಹೊತ್ತವರಲ್ಲ. ಗಂಡಸರಿಗೆ ನೀರಿನ ಬಗ್ಗೆ ಇರುವ ಆಳವಾದ ಜ್ಞಾನವೆಲ್ಲ ಅದನ್ನು ಹೊರದೆ ಇದ್ದುದರಿಂದ ಬಂದದ್ದೇ ಎಂದು ಒಲೆಯ ಮುಂದೆ ನಿಂತು ನನಗೆ ಅನಿಸಿತು.

ಕಡೆಗೆ ಕೆಲಸಕ್ಕೆ ಬಂದವನು ಟಿಕೋಟಾದ ಸಿದರಾಯ. ಅವನು ಮನೆಯ ಪ್ಲಂಬರ್ ಅಲ್ಲ, ದ್ರಾಕ್ಷಿ ತೋಟಗಳಿಗೆ ಹನಿ ನೀರಿನ ಡ್ರಿಪ್ ಪೈಪು ಹಾಕುವವನು. ಮೈದುನನ ತೋಟಕ್ಕೂ ಅವನೇ ಹಾಕಿದ್ದ. ನಮ್ಮ ಕಡೆ ದ್ರಾಕ್ಷಿಗೆ ನೀರು ಮುಟ್ಟಿಸಿದವನು ಮನುಷ್ಯರಿಗೂ ಮುಟ್ಟಿಸಬಲ್ಲ ಎಂಬ ನಂಬಿಕೆ ಇದೆ. ಸಿದರಾಯ ಕರಿ ಕನ್ನಡಕ ಹಾಕಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಂದ. ಕೆಲಸ ಮುಗಿಯುವ ತನಕ ಅವನ ಕೊರಳು ನೆಟ್ಟಗಾಗಿದ್ದನ್ನು ನಾನು ನೋಡಲಿಲ್ಲ. ನಮ್ಮ ಅಂಗಳವನ್ನು ಒಂದು ಸುತ್ತು ಹಾಕಿ ಅಪ್ಪಣೆ ಕೊಡಿಸಿದ: 'ಕೆಳಗಿನ ಮನಿ ಒಂದನೇ ಪ್ಲಾಟ್, ಮ್ಯಾಲಿನ ಮನಿ ಎರಡನೇ ಪ್ಲಾಟ್. ಮೊದಲ ಒಂದನೇ ಪ್ಲಾಟಿಗೆ ಬಿಡ್ರಿ, ಅದು ತುಂಬಿದ ಮ್ಯಾಲ ಇದನ್ನ ಬಂದ್ ಮಾಡಿ ಎರಡನೇದು ತಗೀರಿ. ಬಳ್ಳಿ ಹೆಂಗ ಬೆಳಿತಾವ ನೋಡ್ರಿ.'

'ಇಲ್ಲಿ ಬಳ್ಳಿ ಇಲ್ಲಪ್ಪಾ, ನಾವ ಇದ್ದೀವಿ' ಎಂದೆ.

'ಎರಡೂ ಒಂದ ರಿ ಅಕ್ಕಾರ. ನೀರ ಸರಿ ಸಿಗಲಿಲ್ಲಂದ್ರ ಎರಡೂ ಮಾರಿ ಸಣ್ಣ ಮಾಡ್ತಾವ.'

ಅವನು ಚೀಲದಿಂದ ವಾಲ್ವುಗಳನ್ನು ತೆಗೆದ. ಎಕರೆಗಟ್ಟಲೆ ತೋಟಕ್ಕೆ ಹಾಕುವ ದೈತ್ಯ ವಾಲ್ವುಗಳು. ಒಂದೊಂದಕ್ಕೂ ಎಮ್ಮೆಯ ಕೋಡಿನಂಥ ಕೆಂಪು ಹಿಡಿಕೆ. ನಮ್ಮ ನಳದ ಬೆರಳು ಗಾತ್ರದ ಧಾರೆಗೆ ಇವನ್ನು ಕಟ್ಟಿದರೆ ಬಡವರ ಮನೆಗೆ ಕೋಟೆಯ ಬಾಗಿಲು ಇಟ್ಟ ಹಾಗೆ. ಅಷ್ಟೇ ಅಲ್ಲ, ಪೈಪನ್ನು ಅವನು ತಂದು ಮಲಗಿಸಿದ್ದು ನೇರವಾಗಿ ನಾವು ಕೂರುವ ಕಟ್ಟೆಯ ಮೇಲೆ. ಕಟ್ಟೆಯ ಈ ತುದಿಯಲ್ಲಿ ಒಂದು ಕೋಡು, ಆ ತುದಿಯಲ್ಲಿ ಒಂದು ಕೋಡು, ನಡುವೆ ಉದ್ದಕ್ಕೂ ಪೈಪು.

'ಕಟ್ಟಿ ಮ್ಯಾಲ ಯಾಕಪ್ಪಾ? ಬಗ್ಗಿಸಿ ಕೆಳಗ ಒಯ್ಯಾಕ ಬರಂಗಿಲ್ಲೇನು?'

'ಪೈಪ ಬಾಣ ಹೋದಂಗ ನೆಟ್ಟಗ ಹೋಗಬೇಕ್ರಿ. ಬೆಂಡ್ ಹಾಕಿದ್ರ ಪ್ರೆಶರ್ ಸಾಯ್ತೈತಿ. ಸಾಯನ್ಸ್ ರಿ ಇದು.'

ನಮ್ಮವರೂ ಮಂಡಳಿಯೂ ಸಾಯನ್ಸಿಗೆ ತಲೆಯಾಡಿಸಿದರು. ಪೈಪು ತಿರುಗಿಸುವ ಬೆಂಡುಗಳ ಚೀಲವನ್ನು ಸಿದರಾಯ ಟಿಕೋಟಾದಲ್ಲೇ ಮರೆತು ಬಂದಿದ್ದಾನೆ ಎಂಬುದು, ಚಹಾ ಕುಡಿಯುತ್ತ ಅವನೇ ಫೋನಿನಲ್ಲಿ ಹೆಂಡತಿಗೆ, 'ಬಾಗಲ ಹಿಂದ ನೋಡ ಲೇ, ಅಲ್ಲೇ ಬಿಟ್ಟೀನಿ' ಎಂದು ಗದರಿಸಿದಾಗ ನನಗೊಬ್ಬಳಿಗೆ ತಿಳಿಯಿತು. ಮಂಡಳಿಗೆ ತಿಳಿಸಲಿಲ್ಲ. ಅವರ ಪ್ರೆಶರ್ ಮೊದಲೇ ಹೆಚ್ಚು.

ಅಂದಿನಿಂದ ನಮ್ಮ ಮನೆಯಲ್ಲಿ ಶಾಂತಿ ಸ್ಥಾಪನೆಯಾಯಿತು. ನೀರು ಬಂದಾಗ ನಾನು ನನ್ನ ಕೆಂಪು ಹಿಡಿಕೆ ತಿರುಗಿಸಿ ಒಳಗೆ ಬರುವುದು. ಟಾಕಿ ತುಂಬಿ ಚೆಲ್ಲುವ ಸದ್ದು ಕೇಳಿದರೆ ಹೊರಗೆ ಬಂದು ನನ್ನದನ್ನು ಮುಚ್ಚಿ ಅವಳದನ್ನು ತೆರೆಯುವುದು. ಕೂಗು ಇಲ್ಲ, ಕರೆ ಇಲ್ಲ, ಬಗ್ಗಿ ನೋಡುವ ಕಣ್ಣು ಬೇಡ. ಕಸ್ತೂರಿ ಕೆಳಗೆ ಇಳಿಯುವ ಅಗತ್ಯವೇ ಇಲ್ಲ. ಇಳಿದರೂ ಕೂರಲು ಜಾಗವಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಅವಳು, 'ಊಟ ಆತೇನ್ರಿ?' ಎನ್ನತೊಡಗಿದಳು. ಇಷ್ಟು ವರ್ಷ 'ಉಂಡೇನ ಬೇ' ಎಂದವಳ ಬಾಯಿಂದ ಈ ಮರ್ಯಾದೆ ಕೇಳಿ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನೂ ಬಿಡಲಿಲ್ಲ, 'ಎಸ್, ಥ್ಯಾಂಕ್ಯೂ' ಎಂದೆ. ಇಬ್ಬರು ಸಭ್ಯ ಹೆಂಗಸರು ಒಂದೇ ಮನೆಯಲ್ಲಿದ್ದರೆ ಎಷ್ಟು ಚಳಿಯಾಗುತ್ತದೆ ಎಂಬುದು ನಮ್ಮ ಊರಿನ ಬಿಸಿಲಿನಲ್ಲೂ ತಿಳಿಯಿತು.

ನೀರು ತುಂಬುವ ಹೊತ್ತಿನಲ್ಲಿ ನಾನು ಒಳಕೋಣೆಯಲ್ಲಿ ಕೂತು ಇಂಗ್ಲಿಷ್ ಕಾದಂಬರಿ ಓದತೊಡಗಿದೆ. ಕಾದಂಬರಿಯ ಲಾರ್ಡು, ಲೇಡಿಗಳು ಏನೇನೋ ಮಾಡಿಕೊಂಡರು. ನನ್ನ ಮನಸ್ಸು ಮಾತ್ರ ಇಟ್ಟಂಗಿಹಾಳದ ಸೊಸೆ ತವರಿನಿಂದ ವಾಪಸು ಬಂದಳೋ ಇಲ್ಲವೋ ಎಂಬಲ್ಲೇ ನಿಂತಿತ್ತು. ಎದುರು ಮನೆಯ ಹುಡುಗಿಯ ನಿಶ್ಚಯದ ಸುದ್ದಿ ನನಗೆ ಹಾಲಿನವನಿಂದ ತಿಳಿಯಿತು, ಅದೂ ಪೇಢೆ ಹಂಚಿ ಮುಗಿದ ಮೇಲೆ. 'ನಿಮಗ ಗೊತ್ತಿಲ್ಲೇನ್ರಿ?' ಎಂದು ಅವನು ನೋಡಿದ ನೋಟವನ್ನು ನಾನು ಮರೆಯಲಾರೆ. ಹುಡುಗನ ಕಡೆಯವರು ಯಾರೆಂದು ಕೇಳೋಣವೆಂದರೆ ಹಾಲಿನವನ ಹತ್ತಿರ ಗಾಸಿಪ್ ಮಾಡುವುದೇ? ಅದೆಲ್ಲ ಲೇಡಿಗೆ ಹೇಳಿದ್ದಲ್ಲ.

ಅಷ್ಟರಲ್ಲಿ ಹೊಸ ತೊಂದರೆ ಶುರುವಾಯಿತು. ನನ್ನ ಟಾಕಿ ತುಂಬದಂತಾಯಿತು. ಹಿಡಿಕೆ ತಿರುಗಿಸಿ ಒಳಗೆ ಬರುತ್ತಿದ್ದೆ, ಮತ್ತೆ ಹೋಗಿ ನೋಡಿದರೆ ಹಿಡಿಕೆ ಸರಿಯಾಗಿ ಪೈಪಿನ ಗುಂಟವೇ ಇರುತ್ತಿತ್ತು, ನಮ್ಮವರನ್ನು ಕರೆದು ಬಗ್ಗಿ ನೋಡಿಸಿದರೆ ನೀರು ಮಾತ್ರ ತಳದಲ್ಲಿ. ಹೀಗೇ ಮತ್ತೆ ಮತ್ತೆ ಆಯಿತು. ಮೇಲಿನವರಿಗೂ ಕಡಿಮೆಯೇ ಬಂದಿದೆಯೆಂದು ಮೈದುನ ಹೇಳಿದ. ಹಾಗಾದರೆ ನೀರು ಹೋಗುತ್ತಿರುವುದು ಎಲ್ಲಿಗೆ? ವರಾಂಡದಲ್ಲಿ ಮಂಡಳಿ ಸಭೆ ಸೇರಿ 'ಏರ್ ಲಾಕ್' ಎಂಬ ತೀರ್ಮಾನಕ್ಕೆ ಬಂತು. ಗಾಳಿ ಪೈಪಿನಲ್ಲಿ ಸಿಕ್ಕಿಕೊಂಡಿದೆಯಂತೆ. ವರಾಂಡದಲ್ಲಿ ಅಷ್ಟು ಗಾಳಿ ಹೊರಬಿದ್ದ ಮೇಲೂ ಪೈಪಿನಲ್ಲಿ ಉಳಿದಿರುವುದು ಸಾಧ್ಯವೇ ಎಂದು ನನಗೆ ಅನುಮಾನ. ಸಿದರಾಯನಿಗೆ ಫೋನು ಮಾಡಿದರೆ, 'ವಾಲ್ ಕೆಟ್ಟಿರಂಗಿಲ್ಲ ರಿ, ನಮ್ಮ ವಾಲಿಗೆ ಸಾವೇ ಇಲ್ಲ. ನಿಮ್ಮ ಊರ ನೀರ ಕೆಟ್ಟಿರಬೇಕು' ಎಂದ.

ನನ್ನ ಅನುಮಾನ ನೇರವಾಗಿ ಮಹಡಿ ಹತ್ತಿತು. ಮುಂದಿನ ಸಲ ನೀರು ಬಂದಾಗ ನಾನು ಹಿಡಿಕೆ ತಿರುಗಿಸಿ, ಒಳಗೆ ಹೋದ ಹಾಗೆ ಮಾಡಿ, ಕಿಟಕಿಯ ಪರದೆಯ ಹಿಂದೆ ನಿಂತೆ. ಕಳ್ಳತನ ಸಿಕ್ಕರೆ ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಕಸ್ತೂರಿ ಮೆಟ್ಟಿಲಿಳಿದು ಬಂದಳು. ಕಂಕುಳಲ್ಲಿ ಶೇಂಗಾದ ಮೊರ. ನೇರ ನನ್ನ ಹಿಡಿಕೆಯ ಹತ್ತಿರ ಹೋಗಿ ಅದನ್ನು ಪೈಪಿಗೆ ಅಡ್ಡ ತಿರುಗಿಸಿದಳು. ಈಗ ತನ್ನದನ್ನು ತೆರೆಯುತ್ತಾಳೆ ಎಂದು ಪರದೆ ಇನ್ನಷ್ಟು ಸರಿಸಿ ನೋಡಿದೆ.

ತೆರೆಯಲಿಲ್ಲ. ತನ್ನ ಹಿಡಿಕೆಯ ಕಡೆ ನೋಡಲೂ ಇಲ್ಲ. ಪೈಪು ಹಾದುಹೋದ ಕಟ್ಟೆಯ ಕೆಳಗೆ, ನೆಲದ ಮೇಲೆ ಒಂದು ಮಣೆ ಹಾಕಿದಳು. ಅದರ ಎದುರಿಗೆ ಇನ್ನೊಂದು ಮಣೆ ಹಾಕಿದಳು. ಮೊದಲನೆಯದರ ಮೇಲೆ ಕೂತು ಶೇಂಗಾ ಸುಲಿಯುತ್ತ ನನ್ನ ಬಾಗಿಲ ಕಡೆ ನೋಡಿದಳು. ಒಂದು ಕಾಯಿ ಒಡೆಯುವುದು, ನನ್ನ ಬಾಗಿಲು ನೋಡುವುದು. ಒಂದು ಕಾಯಿ, ಒಂದು ನೋಟ. ಇಷ್ಟು ದಿನ ಕಾಯಿಸಿ ಬಂದ ನೀರು ಎರಡು ಮುಚ್ಚಿದ ಹಿಡಿಕೆಗಳ ಹಿಂದೆ ನಿಂತಿತ್ತು. ಎರಡನೆಯ ಮಣೆ ಖಾಲಿ ಇತ್ತು. ನೀರು ನಿಲ್ಲುವ ಹೊತ್ತಿಗೆ ಎದ್ದು, ನನ್ನ ಹಿಡಿಕೆಯನ್ನು ಇದ್ದ ಹಾಗೆ ತಿರುಗಿಸಿ, ಮಣೆ ಎತ್ತಿಕೊಂಡು ಮೇಲೆ ಹೋಗುವುದು ಅವಳ ರೂಢಿಯಾಗಿತ್ತೆಂದು ನನಗೆ ಆಗ ಹೊಳೆಯಿತು. ಅಲ್ಲಿಯ ತನಕ ಕಾದದ್ದು, ನಾನು ಹೊರಗೆ ಬಂದು ಜಗಳ ತೆಗೆಯಲಿ ಎಂದು. ನಾನೋ, ಒಳಗೆ ಲಾರ್ಡುಗಳ ಜೊತೆ ಕೂತಿದ್ದೆ.

ಬಾಗಿಲು ತೆರೆದೆ. ತಿದ್ದಿ ತೀಡಿದ್ದ ಇಂಗ್ಲಿಷ್ ವಾಕ್ಯ ಹೊಸ್ತಿಲಲ್ಲೇ ಬಿದ್ದುಹೋಯಿತು. ನನ್ನ ಬಾಯಿಂದ ಬಂದದ್ದು ಇದು: 'ಯಾಕ ಬೇ ಕಸ್ತೂರೀ! ನನ್ನ ವಾಲ್ ಬಂದ್ ಮಾಡಿ ರಾಣಿ ಕುಂತಂಗ ಕುಂತೀಯಲ್ಲ! ತಲಿ ನೆಟ್ಟಗೈತಿಲ್ಲೋ ನಿಂದು?' ಆ ದನಿ ಎಲ್ಲಿತ್ತೋ ನನಗೇ ಗೊತ್ತಿಲ್ಲ. ಎದುರು ಮನೆಯವರು ಟೀವಿ ಆರಿಸಿದರು. ಒಳಗಿನಿಂದ ನಮ್ಮವರು, 'ಯಾರದು?' ಎಂದು ಕೇಳಿದರು. ಹೆಂಡತಿಯ ದನಿ ಎಂದು ಅವರಿಗೆ ಗುರುತು ಹತ್ತಲಿಲ್ಲ.

ಕಸ್ತೂರಿ ತಲೆ ಎತ್ತದೆ ಒಂದು ಶೇಂಗಾ ಒಡೆದಳು. 'ಬಂದ್ಯಾ ಬೇ? ಕುಂಡ್ರು. ನಿನಗ ತಿಳಿಯಾಕ ಇಷ್ಟ ದಿನಾ ಬೇಕಾಕ್ಕೈತಿ ಅಂದಿದ್ರ ಮೊದಲ ಆ ಪೈಪ ಒಡದ ಹಾಕ್ತಿದ್ದೆ. ನೀ ಹೊರಗ ಬರವಲ್ಲಿ, ಭಾವಾರು ಏರ್ ಲಾಕ್ ಏರ್ ಲಾಕ್ ಅನ್ನಾಕತ್ತಾರ. ಏನ್ ಮನಿತನಾನೋ ಏನೋ, ಶಾಣ್ಯಾರ ತುಂಬ್ಯಾರ.'

'ಮೊದಲ ನೀರ ಬಿಡು, ನಿಂದ ಆಮ್ಯಾಲ ಕೇಳ್ತೀನಿ.'

'ಬಿಡ್ತೀನಿ ತಡಿ. ಎದರಿನ ಮನಿ ಹುಡುಗಿಗೆ ಗೊತ್ತ ಮಾಡಿದ ವರ ಯಾರಂತ ಗೊತ್ತೈತೇನ ನಿನಗ?'

ನಾನು ಮಣೆಯ ಮೇಲೆ ಕೂತೆ. ಮೊಣಕಾಲು ಏನೋ ಅಂದಿತು, ನಾನು ಕೇಳಿಸಿಕೊಳ್ಳಲಿಲ್ಲ. ವರನ ವಿಷಯ ಉದ್ದವಾಗಿತ್ತು, ಅವನ ಅಜ್ಜಿಯ ತನಕ ಹೋಗಿ ಬರಬೇಕಾಯಿತು. ನಡುವೆ ಇಟ್ಟಂಗಿಹಾಳದ ಸೊಸೆಯೂ ಬಂದಳು. ಅವಳು ತವರಿನಿಂದ ಹಿಂದಿರುಗಿದ್ದಷ್ಟೇ ಅಲ್ಲ, ಅತ್ತೆಯನ್ನೇ ತವರಿಗೆ ಕಳಿಸಿದ್ದಳಂತೆ. ನೆನಪಾಗಿ ಹಿಡಿಕೆ ತಿರುಗಿಸುವ ಹೊತ್ತಿಗೆ ನೀರಿನ ಧಾರೆ ದಾರವಾಗಿತ್ತು. ಎರಡೂ ಟಾಕಿಯ ನೀರು ತಳದಲ್ಲೇ ಉಳಿಯಿತು. ಅದಕ್ಕೆ ಯಾರು ಕಾರಣ ಎಂಬ ಬಗ್ಗೆ ನಾವು ಬಹಳ ಹೊತ್ತು, ಬಹಳ ಸಂತೋಷದಿಂದ, ಗಂಟಲು ಹರಿಯುವಂತೆ ಜಗಳವಾಡಿದೆವು.

ಮರುದಿನ ನಮ್ಮವರು ಮಂಡಳಿಗೆ, ಏರ್ ಲಾಕ್ ತಾನೇ ಬಿಟ್ಟುಕೊಂಡಿತೆಂದು ವರದಿ ಒಪ್ಪಿಸಿದರು. 'ನೋಡ್ರಿ, ವಾಲ್ವ್ ಹಾಕಿಸಿದಾಗಿಂದ ಮನ್ಯಾಗ ಹೆಂಗಸರ ಜಗಳಾನೇ ಇಲ್ಲ' ಎಂದೂ ಸೇರಿಸಿದರು. ಕಿವಿಯ ಮಷೀನು ಹಾಕಿಕೊಳ್ಳಲು ಅವರಿಗೆ ನಾಚಿಕೆ. ಈಗ ಓಣಿಯ ಇನ್ನೂ ಕೆಲವು ಮನೆಯವರು ಇಂಥದೇ ವಾಲ್ವು ಹಾಕಿಸಲು ಸಿದರಾಯನಿಗೆ ಹೇಳಿಕಳಿಸಿದ್ದಾರೆ. ಅವರ ಕಟ್ಟೆಗಳ ಗತಿ ನೆನೆದು ನನಗೆ ಮರುಕ.

ಕೆಂಪು ಹಿಡಿಕೆಗಳನ್ನು ಬಿಚ್ಚಿಸಿಬಿಡೋಣವೇ ಎಂದು ನಮ್ಮವರನ್ನು ಕೇಳಬೇಕೆಂದಿದ್ದೆ. ಆದರೆ ಸಿಸ್ಟಮ್ ಒಂದು ರೂಢಿಗೆ ಬಂದ ಮೇಲೆ ಅದರ ಉಪಯೋಗ ತಿಳಿಯತೊಡಗುತ್ತದೆ. ಹೋದ ಸಲ ನೀರು ಬಂದಾಗ ನನ್ನ ಟಾಕಿ ತುಂಬಿ, ಪಾಳಿ ಕಸ್ತೂರಿಯದಾಗಿತ್ತು. ಅವಳ ಹಿಡಿಕೆ ತೆರೆದಿಟ್ಟಿದ್ದೆ. ಮೇಲಿನಿಂದ ಅವಳ ಸುಳಿವೇ ಇಲ್ಲ. ಟೀವಿಯ ಮುಂದೆ ಕೂತಿದ್ದಳೆಂದು ಕಾಣುತ್ತದೆ. ನಾನು ಅಂಗಳದಲ್ಲಿ ಎರಡು ಮಣೆ ಹಾಕಿದೆ. ಮೆಂತ್ಯ ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡೆ. ಓಣಿಯ ಆ ತುದಿ ಈ ತುದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳ ಕೆಂಪು ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿ, ಸೆರಗು ಸರಿಮಾಡಿಕೊಂಡು ಕೂತೆ. ಲೇಡಿಯಾದವಳು ದನಿ ಏರಿಸುವುದಿಲ್ಲ. ಏರಿಸುವವಳು ಮೆಟ್ಟಿಲಿಳಿದು ಬರುವ ತನಕ ಸೊಪ್ಪು ಬಿಡಿಸುತ್ತ ಕಾಯುತ್ತಾಳೆ.